ಚೆಸ್ಟರ್ ಕೋಟೆಗೊಂದು ಪ್ರದಕ್ಷಿಣೆ

ಇಂಗ್ಲೆಂಡಿನ ಚೆಸ್ಟರ್ ಎಂಬ ಊರನ್ನು ನೋಡುವವರಿಗಾಗಿ ನಾನೊಂದು ಮಾರ್ಗದರ್ಶಿ ಬರೆದಿದ್ದೇನೆ. ನೂರು ಹಾಳೆಯ ನೋಟ್‌ಬುಕ್ಕಿನಲ್ಲಿ ಒಟ್ಟು ಹನ್ನೊಂದು ಪುಟ. ಬರೆದದ್ದು ಊರನ್ನು ನೋಡುವ ಮೊದಲು. ನೋಡಿ ಬಂದ ಮೇಲೆ ಅದಕ್ಕೆ ಇನ್ನೊಂದು ಸಾಲು ಸೇರಿಸುವ ಧೈರ್ಯ ಬರಲಿಲ್ಲ.

ನೋಡುವ ಮೊದಲೇ ಬರೆದದ್ದೇಕೆಂದರೆ, ಅದು ನನ್ನ ಪದ್ಧತಿ. ಅಜ್ಜಂಪುರದ ನಮ್ಮ ಮನೆಯಲ್ಲಿ ಗ್ಯಾಸ್ ಸಿಲಿಂಡರ್ ಬದಲಾಯಿಸಿದ ದಿನ, ಉಪ್ಪಿನಕಾಯಿ ಹಾಕಿದ ದಿನ, ನೀರು ಬಿಟ್ಟ ಹೊತ್ತು, ಎಲ್ಲವೂ ಕ್ಯಾಲೆಂಡರಿನ ಮೇಲೆ ಇರುತ್ತವೆ. ಒಮ್ಮೆ ನಮ್ಮ ಬೀದಿಯ ಹದಿನಾಲ್ಕು ಜನರನ್ನು ಲಕ್ಕವಳ್ಳಿ ಡ್ಯಾಮ್ ತೋರಿಸಲು ಕರೆದುಕೊಂಡು ಹೋಗಿ, ಹದಿನಾಲ್ಕೂ ಜನರನ್ನು ಹಾಗೇ ವಾಪಸು ತಂದಿದ್ದೇನೆ. ಟಿಫಿನ್ ಕ್ಯಾರಿಯರಿನ ಒಂದು ಮುಚ್ಚಳ ಕೂಡ ಕಳೆದಿರಲಿಲ್ಲ. ಇಷ್ಟು ಅನುಭವವಿರುವವಳಿಗೆ ಚೆಸ್ಟರ್ ಯಾವ ಲೆಕ್ಕ!

ನಾವು ಆ ದೇಶಕ್ಕೆ ಹೋದದ್ದು ಸೌಮ್ಯಳ ಮಗುವನ್ನು ನೋಡಲು. ಸೌಮ್ಯ ನಮ್ಮ ಯಜಮಾನರ ಅಕ್ಕನ ಮಗಳು, ಅಲ್ಲಿನ ಒಂದು ಆಸ್ಪತ್ರೆಯಲ್ಲಿ ನರ್ಸು. ಹೆರಿಗೆ ರಜೆ ಮುಗಿದು, ಗುರುವಾರ ಸಂಜೆ ಐದು ಗಂಟೆಗೆ ಮತ್ತೆ ಡ್ಯೂಟಿಗೆ ಸೇರಬೇಕಿತ್ತು. ಗಂಡ ಕೆಲಸದಿಂದ ಬರುವುದು ಎಂಟಕ್ಕೆ. ಅಲ್ಲಿಯವರೆಗೆ ಮಗುವಿಗೆ ನಾವೇ ದಿಕ್ಕು. ಆದರೆ ಆ ವಾರದಲ್ಲಿ ಮಳೆಯಿಲ್ಲದ ದಿನ ಗುರುವಾರವೊಂದೇ ಎಂದು ಫೋನು ಹೇಳಿತು. ಬೆಳಗ್ಗೆ ಚೆಸ್ಟರಿಗೆ ಹೋಗಿ ನಾಲ್ಕರೊಳಗೆ ಮನೆ ಸೇರುತ್ತೇವೆ ಎಂದು ನಾನೇ ಮಾತು ಕೊಟ್ಟೆ.

ಬಾಗಿಲಲ್ಲಿ ಮಗುವನ್ನು ಸೊಂಟದ ಮೇಲೆ ಕೂರಿಸಿಕೊಂಡು ಸೌಮ್ಯ ಇನ್ನೊಂದು ಸಲ ಹೇಳಿದಳು. "ಅತ್ತೆ, ಮೂರು ಹತ್ತರ ಟ್ರೈನ್ ಹತ್ಬಿಡಿ. ಅದು ತಪ್ಪಿದ್ರೆ ಇನ್ನೊಂದು ಗಂಟೆ ಕಾಯ್ಬೇಕು. ಇಷ್ಟು ತಿಂಗಳ ಮೇಲೆ ಹೋಗ್ತಾ ಇದೀನಿ, ಮೊದಲ್ನೇ ದಿನಾನೇ ಲೇಟಾದ್ರೆ ಚೆನ್ನಾಗಿರಲ್ಲ."

ಅಜ್ಜಂಪುರದಿಂದ ಬೀರೂರಿಗೆ ಇಪ್ಪತ್ತೈದು ವರ್ಷ ರೈಲು ಹತ್ತಿದವಳಿಗೆ ಈ ಹುಡುಗಿ ರೈಲಿನ ಪಾಠ ಹೇಳುತ್ತಿದ್ದಾಳಲ್ಲ ಎಂದು ನನಗೆ ಒಳಗೊಳಗೇ ನಗು ಬಂತು. ನಗುತ್ತಲೇ ಚೀಲ ಎತ್ತಿಕೊಂಡೆ. ಚಪಾತಿ, ಹೆಸರುಕಾಳಿನ ಪಲ್ಯ, ಚಟ್ನಿಪುಡಿ, ನೀರು, ಕೊಡೆ, ಮಾರ್ಗದರ್ಶಿ. ಸೀರೆಯ ಮೇಲೆ ಸೌಮ್ಯಳ ಉದ್ದನೆಯ ಕೋಟು, ಕಾಲಿಗೆ ಅವಳೇ ಕೊಡಿಸಿದ ಗುಲಾಬಿ ಬಣ್ಣದ ಶೂ. ಜೊತೆಗೆ ಯಜಮಾನರು. ಅವರದು ಅಜ್ಜಂಪುರದಲ್ಲಿ ಪಂಪ್‌ಸೆಟ್ ಮೋಟಾರು ವೈಂಡಿಂಗ್ ಮಾಡುವ ಅಂಗಡಿ. ಮೂವತ್ತು ವರ್ಷ ಸುಟ್ಟ ಮೋಟಾರುಗಳ ನಡುವೆ ಕೂತು ಯಾವುದಕ್ಕೂ ಗಾಬರಿಯಾಗದ ಗುಣ ಬಂದಿದೆ. ನನ್ನ ಮಾರ್ಗದರ್ಶಿಯನ್ನು ತೋರಿಸಿದಾಗಲೂ ಗಾಬರಿಯಾಗಲಿಲ್ಲ.

ಊರು ಚೆನ್ನಾಗಿದೆ, ಅದರಲ್ಲಿ ಎರಡು ಮಾತಿಲ್ಲ. ಸುತ್ತಲೂ ಕೋಟೆಯ ಗೋಡೆ. ರೋಮನ್ನರು ಶುರುಮಾಡಿ, ಆಮೇಲೆ ಬಂದವರು ಮುಗಿಸಿದ್ದು. ಗೋಡೆಯ ಮೇಲೆ ಜನ ನಡೆದಾಡಲು ಕಲ್ಲು ಹಾಸಿದ ದಾರಿ, ಪೂರಾ ಒಂದು ಸುತ್ತಿಗೆ ಎರಡು ಮೈಲಿ. ಒಂದು ಹೆಬ್ಬಾಗಿಲ ನೆತ್ತಿಯ ಮೇಲೆ ಬಣ್ಣ ಬಳಿದ ಗಡಿಯಾರ. ಪೇಟೆಯಲ್ಲಿ ಅಂಗಡಿ ಸಾಲಿನ ಮೇಲೆ ಇನ್ನೊಂದು ಅಂಗಡಿ ಸಾಲು, ಜಗಲಿಯ ಮೇಲೊಂದು ಜಗಲಿ. ಇದಿಷ್ಟೂ ನನ್ನ ಮಾರ್ಗದರ್ಶಿಯ ಎರಡನೆಯ ಪುಟದಲ್ಲಿದೆ. ಮೊದಲನೆಯ ಪುಟದಲ್ಲಿ ದೇವರಿದ್ದಾನೆ. ಯಾವ ಊರಿಗೆ ಹೋದರೂ ಮೊದಲು ದೇವರ ದರ್ಶನ, ಆಮೇಲೆ ಉಳಿದದ್ದು. ಹಾಗಾಗಿ ಸ್ಟೇಷನ್ನಿನಿಂದ ನೇರವಾಗಿ ಊರ ನಡುವಿನ ದೊಡ್ಡ ಚರ್ಚಿಗೆ ಹೋದೆವು. ಕೋಟೆ ಗೋಡೆಗೆ ಅಂಟಿಕೊಂಡಂತೇ ಇದೆ. ಸಾವಿರ ವರ್ಷದ ಕಲ್ಲು.

ಬಾಗಿಲಲ್ಲಿ ನಾನು ಶೂ ಬಿಚ್ಚಿದೆ.

ಯಾರೂ ಬಿಡುತ್ತಿಲ್ಲವಲ್ಲ ಎಂದು ಯಜಮಾನರು ಕೇಳಿದರು. ಅವರ ದೇವರು ಅವರಿಗೆ ಸಲಿಗೆ, ನಾವು ಮೊದಲ ಸಲ ಬಂದವರು ಎಂದೆ. ಅವರು ಬಗ್ಗಿ ಲೇಸು ಬಿಚ್ಚಿದರು.

ಇಲ್ಲಿ ನಮ್ಮ ಮನೆಯ ಒಂದು ಕ್ರಮವನ್ನು ಹೇಳಬೇಕು. ತರೀಕೆರೆಯ ಒಂದು ಮದುವೆಯಲ್ಲಿ ಯಜಮಾನರ ಹೊಸ ಚಪ್ಪಲಿ ಹೋಯಿತು. ಅಂದಿನಿಂದ ನಾವು ಎಲ್ಲಿಯೇ ಆಗಲಿ, ಜೋಡಿಯನ್ನು ಒಟ್ಟಿಗೆ ಬಿಡುವುದಿಲ್ಲ. ಎಡಗಾಲಿನದು ಒಂದು ಕಡೆ, ಬಲಗಾಲಿನದು ಇನ್ನೊಂದು ಕಡೆ. ಒಂಟಿ ಚಪ್ಪಲಿ ಯಾವ ಕಳ್ಳನಿಗೂ ಬೇಡ. ಅದೇ ಪ್ರಕಾರ ನಮ್ಮಿಬ್ಬರ ಎಡಗಾಲಿನ ಶೂಗಳನ್ನು ಬಾಗಿಲ ಪಕ್ಕದಲ್ಲಿಟ್ಟೆ. ಬಲಗಾಲಿನವನ್ನು ಹಿಡಿದುಕೊಂಡು ಹೋಗಿ, ಚರ್ಚಿನ ಹಿಂಭಾಗದಲ್ಲಿ ಕೋಟೆ ಹತ್ತುವ ಮೆಟ್ಟಿಲ ಹತ್ತಿರ ಒಂದು ಬೆಂಚಿನ ಕೆಳಗಿಟ್ಟು ಬಂದೆ. ದೇವರ ಮೇಲೆ ನನಗೆ ಭಕ್ತಿಯಿದೆ. ಭಕ್ತರ ಮೇಲೆ ನಂಬಿಕೆಯಿಲ್ಲ.

ಒಳಗೆ ನೆಲ ಮಂಜುಗಡ್ಡೆಯಂತಿತ್ತು. ಬಾಗಿಲಲ್ಲಿ ಕೂತಿದ್ದ ಅಜ್ಜಿಯೊಬ್ಬರು ನಮ್ಮ ಕಾಲುಚೀಲಗಳನ್ನು ನೋಡಿ ಮೆಲ್ಲಗೆ ಏನೋ ಅಂದರು. ನಮ್ಮ ಸಂಸ್ಕಾರವನ್ನು ಮೆಚ್ಚಿದರೆಂದು ತಿಳಿದು ನಾನು ಕೈಮುಗಿದೆ.

"ಕಾಲಿಗೇನಾದ್ರೂ ಆಗೈತಾ, ಗಾಲಿ ಕುರ್ಚಿ ಬೇಕಾ ಅಂತ ಕೇಳ್ತಾ ಅವ್ರೆ ಕಣೇ" ಎಂದರು ಯಜಮಾನರು. ಮೋಟಾರುಗಳ ಜೊತೆ ಬರುವ ಪುಸ್ತಕ ಓದಿ ಓದಿ ಅವರಿಗೆ ಇಂಗ್ಲಿಷ್ ಸುಮಾರಾಗಿ ಬರುತ್ತದೆ.

ಅರ್ಧ ಗಂಟೆಯ ನಂತರ ಹೊರಗೆ ಬಂದಾಗ ಬಾಗಿಲ ಬಳಿಯ ಎಡಗಾಲಿನ ಶೂಗಳು ಇದ್ದಲ್ಲೇ ಇದ್ದವು. ಬೆಂಚಿನ ಕೆಳಗೆ ಏನೂ ಇರಲಿಲ್ಲ. ಒಂಟಿ ಶೂ ಕಳ್ಳನಿಗೆ ಬೇಡ ಎಂಬುದು ಸರಿಯೇ. ಆದರೆ ಒಳ್ಳೆಯವರಿಗೆ ಬೇಕಾಗುತ್ತದೆ ಎಂಬುದನ್ನು ನಾನು ಯೋಚಿಸಿರಲಿಲ್ಲ.

ಅಲ್ಲೇ ಗಿಡಗಳಿಗೆ ಪಾತಿ ಮಾಡುತ್ತಿದ್ದ ತೋಟದ ಮುದುಕರನ್ನು ಯಜಮಾನರು ವಿಚಾರಿಸಿದರು. ಕೆಂಪು ಕೋಟಿನ ಒಬ್ಬರು ನಾಯಿ ಹಿಡಿದುಕೊಂಡು ಬಂದರಂತೆ. ಬೆಂಚಿನ ಕೆಳಗೆ ಒಂದು ಗಂಡಸಿನ ಶೂ, ಒಂದು ಹೆಂಗಸಿನ ಶೂ, ಎರಡೂ ಬಲಗಾಲಿನವು ಕಂಡವಂತೆ. ಸ್ವಲ್ಪ ಮುಂಚೆ ಸೀರೆಯುಟ್ಟ ಯಾರೋ ಕೋಟೆಯ ಮೆಟ್ಟಿಲ ಕಡೆ ಹೋದದ್ದನ್ನು ಆ ಮನುಷ್ಯ ನೋಡಿದ್ದರಂತೆ. ಪಾಪ, ಅವರ ಚೀಲದಿಂದ ಬಿದ್ದಿರಬೇಕು, ಕೊಟ್ಟು ಬರುತ್ತೇನೆ ಎಂದು ಎತ್ತಿಕೊಂಡು ಮೆಟ್ಟಿಲು ಹತ್ತಿ ಬಲಕ್ಕೆ ಹೋದರಂತೆ. ಈಗ ಹತ್ತು ನಿಮಿಷವಾಯಿತಂತೆ.

ಯಜಮಾನರು ಕೋಟೆಯನ್ನೊಮ್ಮೆ ನೋಡಿದರು. "ಸುತ್ತಾ ಒಂದೇ ದಾರಿ ಅಲ್ವಾ? ಅವ್ನು ಬಲಕ್ಕೆ ಹೋಗವ್ನೆ. ನಾವು ಎಡಕ್ಕೆ ಹೋದ್ರೆ ಎದುರಿಗೇ ಸಿಕ್ತಾನೆ. ನಡಿ."

ಈ ಮಾತಿನಲ್ಲಿ ಯಾವ ದೋಷವೂ ಇರಲಿಲ್ಲ. ಇದ್ದದ್ದು ನನ್ನಲ್ಲಿ.

"ಎಡಕ್ಕಾ? ದೇವ್ರನ್ನ ಒಳ್ಗಡೆ ಇಟ್ಕೊಂಡು ಯಾರಾದ್ರೂ ಅಪ್ರದಕ್ಷಿಣೆ ಬತ್ತಾರೇನ್ರೀ?"

"ಇದು ಕೋಟೆ ಕಣೇ. ದೇವಸ್ಥಾನ ಅಲ್ಲ."

"ಕೋಟೆ ಒಳ್ಗೆ ಚರ್ಚೈತಲ್ಲ. ಯಾವ ದೇವ್ರಾದ್ರೂ ಬಲಗಡೆನೇ ಇರ್ಬೇಕು. ಅರ್ಧಕ್ಕೆ ಇಳಿಯಂಗೂ ಇಲ್ಲ."

ಹಾಗೆ ನಾವು ಒಂದು ಕಾಲಿಗೆ ಶೂ, ಒಂದು ಕಾಲಿಗೆ ಬರೀ ಕಾಲುಚೀಲ ಹಾಕಿಕೊಂಡು, ಒಬ್ಬ ಮನುಷ್ಯನನ್ನು ಹಿಡಿಯಲು ಅವನು ಹೋದ ದಿಕ್ಕಿನಲ್ಲೇ, ಅವನಿಗಿಂತ ನಿಧಾನವಾಗಿ ಹೊರಟೆವು.

ಯಜಮಾನರಿಗೆ ಏನೂ ಅನ್ನಿಸಲಿಲ್ಲ. ತೆಂಗಿನ ತೋಟದಲ್ಲಿ ಬರಿಗಾಲಲ್ಲಿ ಓಡಾಡಿದ ಪಾದ ಅದು. ನನ್ನದು ಅಡುಗೆಮನೆಯ ಪಾದ. ಕಾಲು ಮೈಲಿಯೊಳಗೆ ಪ್ರತಿಯೊಂದು ಕಲ್ಲಿನ ಪರಿಚಯವೂ ಬೇರೆ ಬೇರೆಯಾಗಿ ಆಯಿತು. ಅವರು ತಮ್ಮ ಎಡಗಾಲಿನ ಶೂ ಬಿಚ್ಚಿ ನನ್ನ ಬಲಗಾಲಿಗೆ ಕೊಟ್ಟರು. ಇಪ್ಪತ್ತು ಹೆಜ್ಜೆ ಇಟ್ಟೆ. ಇಪ್ಪತ್ತೊಂದನೆಯ ಹೆಜ್ಜೆಗೆ ಅದು ನನಗಿಂತ ಹಿಂದೆ ಉಳಿಯಿತು. ವಾಪಸು ಕೊಟ್ಟೆ.

ಆದರೂ ಮಾರ್ಗದರ್ಶಿಯನ್ನು ಕೈಬಿಡಲಿಲ್ಲ. ಎಡಗಡೆ ಕೆಳಗೆ ರೋಮನ್ನರು ಕುಸ್ತಿ, ಕಾಳಗ ಆಡಿಸುತ್ತಿದ್ದ ಬಯಲು ಎಂದು ಓದಿ ಹೇಳಿದೆ. ಮುಂದೆ ನದಿ ಬಂತು, ಅದನ್ನೂ ಓದಿದೆ. ನದಿಯ ತಿರುವಿನಲ್ಲಿ ದೂರಕ್ಕೆ ಒಂದು ಕೆಂಪು ಕೋಟು ಕಂಡಿತು. ಯಜಮಾನರು ಆ ತೋಟದಿಂದ ಈ ತೋಟಕ್ಕೆ ಕೂಗುವ ಗಂಟಲಲ್ಲಿ ಒಂದು ಕೂಗು ಹಾಕಿದರು. ಆ ಮನುಷ್ಯ ತಿರುಗಿ ನೋಡಿದ. ಕೋಟಿನೊಳಗಿದ್ದ ನನ್ನ ಸೀರೆ ಅಷ್ಟು ದೂರಕ್ಕೆ ಕಾಣಿಸಿರಲಾರದು. ಯಾರೋ ಪರದೇಶದವರು ಪ್ರೀತಿಯಿಂದ ಮಾತಾಡಿಸುತ್ತಿದ್ದಾರೆಂದು ತಿಳಿದು, ಕೈ ಬೀಸಿ, ಇನ್ನಷ್ಟು ಚುರುಕಾಗಿ ನಡೆದು ಮರೆಯಾದ.

ಕುದುರೆ ರೇಸಿನ ಮೈದಾನ ಬರುವ ಹೊತ್ತಿಗೆ ಹನ್ನೆರಡೂ ಮುಕ್ಕಾಲು. ಮಾರ್ಗದರ್ಶಿಯಲ್ಲಿ ಹನ್ನೆರಡೂ ಮುಕ್ಕಾಲಿಗೆ ಊಟ ಎಂದು ಬರೆದಿತ್ತು. ಅರ್ಧಕ್ಕೆ ಇಳಿಯಬಾರದೆಂದು ಹೇಳಿದವಳು ನಾನೇ ಆದರೂ, ಊಟಕ್ಕೆ ಇಳಿಯುವುದು ಇಳಿದಂತಲ್ಲ ಎಂದು ಒಂದು ತಿದ್ದುಪಡಿ ತಂದೆ. ಮೆಟ್ಟಿಲಿಳಿದು, ಗೋಡೆಗೆ ಬೆನ್ನು ಕೊಟ್ಟು ಕೂತು, ಚಪಾತಿಯ ಡಬ್ಬಿ ತೆರೆದೆ. ಎರಡನೆಯ ಚಪಾತಿಯಲ್ಲಿದ್ದಾಗ ತಲೆಯ ಮೇಲೆ, ಗೋಡೆಯ ದಾರಿಯಲ್ಲಿ, ನಾಯಿಯೊಂದು ಬೊಗಳಿದ ಸದ್ದಾಯಿತು.

ಯಜಮಾನರು ಎದ್ದರು. "ನೋಡ್ಬತ್ತೀನಿ ತಡಿ."

"ಊಟದ ಮಧ್ಯೆ ಏಳ್ತಾರೇನ್ರೀ? ಈ ಊರಲ್ಲಿ ಮನೆಗೊಂದು ನಾಯಿ. ಕೂತ್ಕಳಿ."

ಅವರು ಕೂತರು. ಬೊಗಳಿದ ಸದ್ದು ನಮ್ಮ ತಲೆಯ ಮೇಲೇ ಹಾದು, ನಾವು ಬಂದ ದಿಕ್ಕಿಗೆ ಹೊರಟುಹೋಯಿತು. ನಾನು ಪಲ್ಯ ಬಡಿಸಿದೆ.

ಉಳಿದ ಅರ್ಧ ಸುತ್ತನ್ನು ಹೇಗೆ ನಡೆದೆನೆಂದು ವಿವರವಾಗಿ ಹೇಳುವುದಿಲ್ಲ. ಉತ್ತರದ ಕಡೆ ಗೋಡೆಯ ಕೆಳಗೆ ಬಂಡೆ ಕಡಿದು ಮಾಡಿದ ಆಳವಾದ ಕಾಲುವೆಯಿದೆ, ಬಹಳ ಸುಂದರವಾಗಿದೆ ಎಂದು ಮಾರ್ಗದರ್ಶಿ ಹೇಳುತ್ತದೆ. ಇರಬಹುದು. ಅಷ್ಟು ಹೊತ್ತಿಗೆ ನಾನು ಎದುರಿಗೆ ಬಂದವರ ಪಾದಗಳನ್ನು ಬಿಟ್ಟು ಬೇರೇನನ್ನೂ ನೋಡುತ್ತಿರಲಿಲ್ಲ. ಚೆಸ್ಟರಿನ ಜನ ಒಳ್ಳೆಯ ಶೂ ಹಾಕುತ್ತಾರೆ. ಎರಡೂ ಕಾಲಿಗೆ ಹಾಕುತ್ತಾರೆ.

ಚರ್ಚಿನ ಹಿಂದಿನ ಮೆಟ್ಟಿಲ ಬಳಿ ಮತ್ತೆ ಬಂದಾಗ ಎರಡೂ ಇಪ್ಪತ್ತು. ತೋಟದ ಮುದುಕರು ನಮ್ಮನ್ನು ಕಂಡು ಗುದ್ದಲಿ ಕೆಳಗಿಟ್ಟು, ಇಷ್ಟು ಹೊತ್ತು ಎಲ್ಲಿದ್ದಿರಿ ಎಂಬಂತೆ ಎರಡೂ ಕೈ ಎತ್ತಿದರು. ಅವರು ಹೇಳಿದ್ದನ್ನು ಯಜಮಾನರು ನಿಂತು ಕೇಳಿಸಿಕೊಂಡು, ನನಗೆ ಕಂತಿನ ಮೇಲೆ ಹೇಳಿದರು. ಕೆಂಪು ಕೋಟಿನವರು ಒಂದು ಸುತ್ತು ಹಾಕಿ ಇಲ್ಲಿಗೆ ಬಂದಿದ್ದರಂತೆ. ಶೂಗಳ ಒಡೆಯರು ನಿಮ್ಮ ಹಿಂದೆಯೇ ಬರುತ್ತಿದ್ದಾರೆ ಎಂದು ಈ ಮುದುಕರು ಹೇಳಿದರಂತೆ. ಹಾಗಾದರೆ ಎದುರಿಗೇ ಸಿಗುತ್ತಾರೆಂದು ಆತ ಬಂದ ದಾರಿಯಲ್ಲೇ ತಿರುಗಿ ಇನ್ನೊಂದು ಸುತ್ತು ಹೋದರಂತೆ. ಯಾರೂ ಸಿಗಲಿಲ್ಲವಂತೆ. ನಾಯಿ ಮಾತ್ರ ರೇಸ್ ಮೈದಾನದ ಹತ್ತಿರ ನಿಂತು, ಗೋಡೆಯಿಂದ ಕೆಳಗೆ ಮೂಸಿ ಮೂಸಿ ಬೊಗಳಿತಂತೆ. ಊಟದ ವಾಸನೆಗೆ ಇರಬೇಕೆಂದು ಎಳೆದುಕೊಂಡು ಬಂದರಂತೆ. ಇಲ್ಲಿ ಮುಕ್ಕಾಲು ಗಂಟೆ ಕಾದು, ಮನೆಗೆ ಹೊತ್ತಾಯಿತೆಂದು ಹೊರಟರಂತೆ.

"ಮತ್ತೆ ಶೂ?" ಎಂದು ಕೇಳಿದೆ.

ಯಜಮಾನರು ಬೆಂಚಿನ ಕೆಳಗೆ ಬೆರಳು ತೋರಿಸಿದರು.

ಅಲ್ಲಿದ್ದವು. ನಾನು ಇಟ್ಟ ಜಾಗದಲ್ಲಿಯೇ. ಮಣ್ಣು ಒರೆಸಿ, ಪಕ್ಕಪಕ್ಕದಲ್ಲಿ ಅಂದವಾಗಿ ಜೋಡಿಸಿಟ್ಟಿದ್ದರು. ಬೆಳಗ್ಗೆ ಆ ಬೆಂಚಿನ ಮೇಲೆ ಸುಮ್ಮನೆ ಕೂತಿದ್ದರೆ ಸಾಕಾಗಿತ್ತು.

ಯಜಮಾನರು ತಮ್ಮದನ್ನು ಹಾಕಿಕೊಂಡು ಲೇಸು ಕಟ್ಟಿದರು. ನಾನು ನನ್ನದನ್ನು ಹಾಕಿಕೊಳ್ಳಲು ಹೋದೆ. ಕಾಲು ಒಳಗೆ ಹೋಗಲಿಲ್ಲ. ಊದಿಕೊಂಡು, ಹೆಬ್ಬೆರಳಿನ ಬುಡದಲ್ಲಿ ಗುಳ್ಳೆ ಒಡೆದು, ಹಿಮ್ಮಡಿಯಲ್ಲಿ ಒಂದು ಕಲ್ಲಿನ ಚೂರು ಕಾಯಂ ಆಗಿ ಬಿಡಾರ ಹೂಡಿತ್ತು. ಎರಡು ಮೈಲಿ ಹುಡುಕಿದ ಶೂವನ್ನು ಕೈಯಲ್ಲಿ ಹಿಡಿದುಕೊಂಡು ಸ್ಟೇಷನ್ನಿಗೆ ನಡೆದೆ. ಅಂಗಡಿ ಮೇಲಿನ ಅಂಗಡಿಗಳನ್ನು ದಾರಿಯಲ್ಲಿ ನೋಡಬಹುದಿತ್ತು. ತಲೆ ಎತ್ತಲಿಲ್ಲ.

ಮೂರು ಹತ್ತರ ರೈಲು ಸಿಕ್ಕಿತು. ಇದನ್ನು ನಾನು ಒತ್ತಿ ಹೇಳಬೇಕು. ಮೂರೂ ಐವತ್ತೈದಕ್ಕೆ ಮನೆಯ ಬಾಗಿಲಲ್ಲಿದ್ದೆವು. ಸೌಮ್ಯ ಯೂನಿಫಾರಂ ಹಾಕಿ, ತಲೆ ಬಾಚಿ, ಚೀಲ ಹೆಗಲಿಗೇರಿಸಿ ಸಿದ್ಧಳಾಗಿದ್ದಳು. ನಾಲ್ಕೂ ಹತ್ತಕ್ಕೆ ಅವಳ ಬಸ್ಸು. ಹೇಳಿದ ಮಾತಿಗೆ ಐದು ನಿಮಿಷ ಮುಂಚೆಯೇ ಬಂದಿದ್ದೇವೆ ನೋಡು ಎನ್ನಲು ನಾನು ಬಾಯಿ ತೆರೆದೆ.

ಅವಳು ನನ್ನ ಕಾಲು ನೋಡಿದಳು. ಆಮೇಲೆ ಹೊಸಿಲಿನಿಂದ ಒಳಗೆ ನಾನಿಟ್ಟ ಹೆಜ್ಜೆಯ ಕೆಂಪು ಗುರುತು ನೋಡಿದಳು. ಚೀಲ ಕೆಳಗಿಟ್ಟಳು.

ಏನೂ ಆಗಿಲ್ಲ, ನೀನು ಹೊರಡು ಎಂದು ನಾನು ಎಷ್ಟು ಹೇಳಿದರೂ ಕೇಳಲಿಲ್ಲ. ಮಗುವನ್ನು ಮಾವನ ಕೈಗೆ ಕೊಟ್ಟು, ಬಿಸಿನೀರಿನ ಬೇಸಿನ್ ತಂದು, ಚಿಮಟದಲ್ಲಿ ಕಲ್ಲಿನ ಚೂರು ತೆಗೆದು, ತೊಳೆದು, ಮುಲಾಮು ಹಚ್ಚಿ ಬ್ಯಾಂಡೇಜು ಸುತ್ತಿದಳು. ಮಧ್ಯೆ ಒಮ್ಮೆ ಕಿಟಕಿಯ ಹೊರಗೆ ಬಸ್ಸು ಬಂದು ಹೋದ ಸದ್ದಾಯಿತು. ಯಾರೂ ಅತ್ತ ನೋಡಲಿಲ್ಲ. ಅವಳು ಫೋನು ತೆಗೆದು ಆಸ್ಪತ್ರೆಗೆ ಇಪ್ಪತ್ತು ನಿಮಿಷ ತಡವಾಗುತ್ತದೆ ಎಂದು ಹೇಳಿದಳು. ಕಾರಣ ಕೇಳಿದರೆಂದು ಕಾಣುತ್ತದೆ. ಒಂದು ಕ್ಷಣ ನನ್ನ ಮುಖ ನೋಡಿ, ಇಂಗ್ಲಿಷಿನಲ್ಲಿ ಚಿಕ್ಕದಾಗಿ ಏನೋ ಅಂದಳು.

"ಏನಂದ್ಲು?" ಎಂದು ಯಜಮಾನರನ್ನು ಪಿಸುಮಾತಿನಲ್ಲಿ ಕೇಳಿದೆ.

"ಡ್ಯೂಟಿ ಮನೇಲೇ ಶುರುವಾಯ್ತು ಅಂದ್ಲು."

ಸೌಮ್ಯ ನನ್ನ ಕಾಲನ್ನು ದಿಂಬಿನ ಮೇಲೆತ್ತಿಟ್ಟು, ಚೀಲ ಹೆಗಲಿಗೆ ಹಾಕಿಕೊಂಡು, ಬಾಗಿಲ ಹತ್ತಿರ ನಿಂತು ಮಾವನಿಗೆ ಹೇಳಿದಳು: "ಮಾವ, ಮಗೂನೂ ಅತ್ತೇನೂ ಒಂದೇ ರೂಮಲ್ಲಿ ಇಟ್ಕೊಳಿ. ನಾನು ಬರೋವರ್ಗೂ ಇಬ್ರನ್ನೂ ನೆಲಕ್ಕೆ ಬಿಡ್ಬೇಡಿ."

ಯಜಮಾನರು ಅದನ್ನು ಅಕ್ಷರಶಃ ಪಾಲಿಸಿದರು. ಮಗು, ಅಮ್ಮ ಹೇಳಿದ ಮಾತು ಕೇಳಿ, ತೊಟ್ಟಿಲಲ್ಲಿ ಸುಮ್ಮನೆ ಆಡಿಕೊಳ್ಳುತ್ತಿತ್ತು. ಹಾಗಾಗಿ ಅವರು ಕುರ್ಚಿಯನ್ನು ನನ್ನ ಕಡೆಗೆ ತಿರುಗಿಸಿಕೊಂಡು ಕೂತರು.