ಮುಂದಿನ ಸಾಲಿನ ವಿಮರ್ಶಕರು

ಸಂಪಾದಕರು ಆ ಸುದ್ದಿಯನ್ನು ಒಂದು ಲಕೋಟೆಗೆ ಹಾಕಿ ಅಂಟಿಸಿ ಕಳಿಸಿದ್ದರೆ ಸುಗತನ ಶುಕ್ರವಾರ ಅಷ್ಟೊಂದು ಹದಗೆಡುತ್ತಿರಲಿಲ್ಲ. ಅವರು ಕಳಿಸಿದ್ದು ಪೋಸ್ಟ್ ಕಾರ್ಡು. ಮರ್ಫಿ ಟೌನಿನಲ್ಲಿ ಪೋಸ್ಟ್ ಕಾರ್ಡು ಎಂದರೆ ಇಡೀ ಬೀದಿಯ ಆಸ್ತಿ. ಪೋಸ್ಟ್‌ಮ್ಯಾನ್ ಓದಿದ, ಮೂಲೆಯಂಗಡಿಯವನು ಓದಿದ, ಕಾರ್ಖಾನೆಯಿಂದ ನಿವೃತ್ತರಾಗಿ ಬೇರೆ ಕೆಲಸವಿಲ್ಲದ ಪಿಳ್ಳಪ್ಪನವರು ಕನ್ನಡಕ ಹಾಕಿಕೊಂಡು ಎರಡು ಸಲ ಓದಿದರು. ಸುಗತನ ಕೈಗೆ ಬರುವಷ್ಟರಲ್ಲಿ ಕಾರ್ಡಿನ ನಾಲ್ಕೂ ಮೂಲೆ ಮೆತ್ತಗಾಗಿತ್ತು.

ಅದರಲ್ಲಿದ್ದದ್ದು ಇಷ್ಟೇ. ಶುಕ್ರವಾರ ಬಿಡುಗಡೆಯಾಗುವ ಹೊಸ ಚಿತ್ರದ ವಿಮರ್ಶೆಯನ್ನು ನಿಮ್ಮಿಬ್ಬರ ಹೆಸರಿನಲ್ಲಿ ಪ್ರಕಟಿಸಲಿದ್ದೇವೆ, ಅಂದು ಸಂಜೆ ಐದಕ್ಕೆ ಕಚೇರಿಗೆ ಬನ್ನಿ, ಮುಂದೆ ಪ್ರತಿವಾರವೂ ನಿಮ್ಮದೇ ಅಂಕಣ.

ಇಬ್ಬರು ಎಂದರೆ ಸುಗತ ಮತ್ತು ಪಕ್ಕದ ಮನೆಯ ತೇಜಶ್ರೀ. ಇಬ್ಬರಿಗೂ ಇಪ್ಪತ್ತೆರಡು. ಸುಗತನಿಗೆ ಹುಟ್ಟಿನಿಂದಲೇ ಕಣ್ಣು ಕಾಣದು. ತೇಜಶ್ರೀಗೆ ಆರನೇ ವಯಸ್ಸಿನ ಜ್ವರದಲ್ಲಿ ಕಿವಿ ಹೋಯಿತು. ಅವಳು ಮಾತು ಮರೆತಿರಲಿಲ್ಲ. ಎದುರಿಗಿದ್ದವರ ತುಟಿ ನೋಡಿ ಕನ್ನಡ, ತಮಿಳು ಎರಡನ್ನೂ ಸಲೀಸಾಗಿ ತಿಳಿದುಕೊಳ್ಳುತ್ತಿದ್ದಳು. ಎರಡು ವರ್ಷದಿಂದ ಇಬ್ಬರೂ ಒಟ್ಟಿಗೆ ಸಿನಿಮಾಕ್ಕೆ ಹೋಗಿ, ಅವನು ಹೇಳಿದ್ದಕ್ಕೆ ತನ್ನದನ್ನೂ ಸೇರಿಸಿ ಅವಳು ಬರೆದು, ಇಂದಿರಾನಗರದ ಒಂದು ವಾರಪತ್ರಿಕೆಗೆ ಕಳಿಸುತ್ತಿದ್ದರು. ಮೂರು ಸಲ ಓದುಗರ ಪತ್ರಗಳ ಪುಟದಲ್ಲಿ ಅಚ್ಚಾಗಿತ್ತು. ಆಗೆಲ್ಲ ಸಂಪಾದಕ ಸಿದ್ಧಲಿಂಗೇಶ ಅವರು "ಮಾನ್ಯರೇ" ಎಂದು ಶುರುಮಾಡಿ ಮೆಚ್ಚುಗೆಯ ಉತ್ತರ ಬರೆಯುತ್ತಿದ್ದರು. ಹೋದ ತಿಂಗಳು ಇಬ್ಬರೂ ಖುದ್ದಾಗಿ ಕಚೇರಿಗೆ ಹೋಗಿದ್ದೇ ತಪ್ಪಾಯಿತು. ಬಿಳಿ ಕೋಲು, ಕಿವಿಯ ಮೆಷೀನು ಕಣ್ಣಿಗೆ ಬಿದ್ದ ಕ್ಷಣವೇ ಮಾನ್ಯರು ಹೋಗಿ 'ಪಾಪ, ಮಕ್ಕಳು' ಆದರು. ಸಿನಿಮಾದ ಬಗ್ಗೆ ಒಂದು ಮಾತಿಲ್ಲ. ಬಾದಾಮಿ ಹಾಲು ತರಿಸಿ ಕುಡಿಸಿ, ತಲೆ ಸವರಿ ಕಳಿಸಿದರು. ಇಪ್ಪತ್ತೆರಡು ವರ್ಷದವರ ತಲೆ ಸವರಲು ಇವರ್ಯಾರು ಎಂದು ಸುಗತ ಮನೆಯವರೆಗೂ ಕುದಿದಿದ್ದ.

ಹಾಗಾಗಿ ಈ ವಿಮರ್ಶೆಯ ಮೇಲೆ ಅವನು ಎಲ್ಲವನ್ನೂ ಪಣಕ್ಕೊಡ್ಡಿದ್ದ. "ಓದಿದೋರು ಇದನ್ನ ಬರ್ದೋರು ಯಾರು ಅಂತ ಕೇಳ್ಬೇಕು ಕಣೇ," ಎಂದು ತೇಜಶ್ರೀಗೆ ಹೇಳಿದ. "ಬರ್ದೋರಿಗೆ ಕಣ್ಣಿಲ್ವಾ, ಕಿವಿಯಿಲ್ವಾ ಅಂತ ಕೇಳ್ಬಾರ್ದು."

ಶುಕ್ರವಾರ ಹನ್ನೆರಡರ ಆಟಕ್ಕೆ ಸದ್ದಿಲ್ಲದೆ ಹೋಗಿ ಬರೋಣವೆಂದು ಇಬ್ಬರೂ ಗೊತ್ತುಮಾಡಿಕೊಂಡಿದ್ದರು. ಆದರೆ ಕಾರ್ಡು ಓದಿದ ಬೀದಿ ಸುಮ್ಮನಿರುತ್ತದೆಯೇ? ತೇಜಶ್ರೀಯ ತಾಯಿ ಯಶೋದಮ್ಮ ರೇಷ್ಮೆ ಸೀರೆ ಉಟ್ಟು, ಚಕ್ಕುಲಿಯ ಡಬ್ಬಿ ಹಿಡಿದು ಗೇಟಿನಲ್ಲೇ ನಿಂತಿದ್ದರು. ಕಣ್ಣಿಲ್ಲದ ಹುಡುಗ, ಕಿವಿ ಕೇಳದ ಹುಡುಗಿ, ಇಬ್ಬರೇ ಹೋಗಿ ಏನು ತಾನೇ ನೋಡಿಯಾರು, ಬಿಡಿಸಿ ಹೇಳಲು ಒಬ್ಬರು ಬೇಡವೇ ಎಂಬುದು ಅವರ ವಾದ. ಪಿಳ್ಳಪ್ಪನವರು ವಾದ ಗೀದ ಏನೂ ಮಾಡದೆ ಕೊಡೆ ಹಿಡಿದು ಮುಂದೆ ನಡೆದೇಬಿಟ್ಟರು.

ಹಲಸೂರಿನ ಥಿಯೇಟರಿನ ಬಾಗಿಲಲ್ಲಿ ಗೇಟಿನವನು ಕೈ ಅಡ್ಡ ಹಿಡಿದ. ಇವರಿಗೇನು ಕಾಣುತ್ತದೆ ಅಂತ ಟಿಕೆಟ್ ತಗೊಂಡಿರಿ ಎಂದು ಕೇಳಿದ. ಕೇಳಿದ್ದು ಸುಗತನನ್ನಲ್ಲ, ಪಿಳ್ಳಪ್ಪನವರನ್ನು. ಪಕ್ಕದಲ್ಲಿ ಕಣ್ಣಿರುವವರು ಯಾರಾದರೂ ನಿಂತಿದ್ದರೆ ಕಣ್ಣಿಲ್ಲದವನ ಜೊತೆ ನೇರವಾಗಿ ಮಾತಾಡಬಾರದೆಂದು ಈ ಊರಿನಲ್ಲಿ ಯಾರು ಕಾನೂನು ಮಾಡಿದ್ದಾರೋ ಕಾಣೆ.

"ಟಿಕೆಟ್ ತಗೊಂಡಿರೋದು ನಾನು. ನನ್ನನ್ನ ಕೇಳ್ರೀ," ಎಂದ ಸುಗತ.

ಗಲಾಟೆ ಕೇಳಿ ಮ್ಯಾನೇಜರ್ ಬಂದರು. ಅವರು ಒಳ್ಳೆಯ ಮನುಷ್ಯರು, ತೊಂದರೆಯಾದದ್ದು ಅದರಿಂದಲೇ. ಪಾಪ, ಬಾಲ್ಕನಿಯಿಂದ ಇವರಿಗೆ ದೂರವಾಗುತ್ತದೆ ಎಂದು ಮರುಗಿ, ಇಬ್ಬರ ಕೈ ಹಿಡಿದು ತಂದು ಎಲ್ಲಕ್ಕಿಂತ ಮುಂದಿನ ಸಾಲಿನಲ್ಲಿ ಕೂರಿಸಿದರು. ಕಣ್ಣಿಲ್ಲದವನಿಗೆ ಪರದೆ ಹತ್ತಿರವಾಗಲಿ, ಕಿವಿ ಕೇಳದವಳಿಗೆ ಸ್ಪೀಕರ್ ಹತ್ತಿರವಾಗಲಿ. ಸುಗತನ ಕಿವಿಯ ಪಕ್ಕ ಬೀರುವಿನಷ್ಟು ದೊಡ್ಡ ಸ್ಪೀಕರ್ ಗುಡುಗುತ್ತಿತ್ತು. ತೇಜಶ್ರೀ ಕತ್ತೆತ್ತಿ ನೋಡಿದರೆ ಮೊದಲು ನಾಯಕನ ಮೂಗಿನ ಹೊಳ್ಳೆಯೇ ಕಾಣುತ್ತಿತ್ತು. ಆದರೂ ತುಟಿಗಳು ಮಾತ್ರ ಚೆನ್ನಾಗಿ ಕಂಡವು, ಒಂದೊಂದೂ ಬಾಗಿಲಿನಷ್ಟಗಲ.

ಪಿಕ್ಚರ್ ಶುರುವಾಯಿತು, ವಿವರಣೆಯೂ ಶುರುವಾಯಿತು. ಯಶೋದಮ್ಮ ಸುಗತನ ಎಡಗಿವಿಗೆ ನಾಯಕಿಯ ಸೀರೆಯ ಬಣ್ಣ, ಅಂಚು, ಬ್ಲೌಸಿನ ಹೊಲಿಗೆ ಎಲ್ಲವನ್ನೂ ಒಪ್ಪಿಸಿದರು; ಕತೆಯ ಗೊಡವೆಗೇ ಹೋಗಲಿಲ್ಲ. ಪಿಳ್ಳಪ್ಪನವರು ಬಲಗಿವಿಗೆ ಕತೆ ಹೇಳಿದರು, ಆದರೆ ಪರದೆಯ ಮೇಲೆ ನಡೆಯುತ್ತಿದ್ದ ಕತೆಯಲ್ಲ, ಮುಂದೆ ಹೀಗಾಗುತ್ತದೆ ನೋಡು ಎಂದು ಅವರೇ ಕಟ್ಟಿದ ಕತೆ. ಹಿಂದಿನ ಸಾಲಿನ ಒಬ್ಬಾಕೆ ಬಗ್ಗಿ ತಮಿಳಿನಲ್ಲೂ ವಿವರಿಸತೊಡಗಿದರು. ದಯವಿಟ್ಟು ಸುಮ್ಮನಿರಿ, ನನಗೆ ಕೇಳಿಸುತ್ತಿದೆ ಎಂದು ಸುಗತ ಕೈಮುಗಿದ. ಎಷ್ಟು ವಿನಯ ಈ ಹುಡುಗನಿಗೆ ಎಂದುಕೊಂಡು ಮೂವರೂ ದನಿ ಇನ್ನಷ್ಟು ಏರಿಸಿದರು.

ಇಷ್ಟರ ನಡುವೆಯೂ ಅವನ ಕಿವಿ ತನ್ನ ಕೆಲಸ ಮಾಡುತ್ತಿತ್ತು. ನಾಯಕಿ, ನಾಯಕನ ತಾಯಿ, ಕೋರ್ಟಿನ ನ್ಯಾಯಾಧೀಶೆ ಮೂವರಿಗೂ ಡಬ್ಬಿಂಗ್ ಮಾಡಿದ್ದು ಒಬ್ಬಳೇ ಹೆಂಗಸು. ಮಳೆ ಸುರಿಯುವ ಸದ್ದೂ ಮದುವೆಮನೆಯಲ್ಲಿ ಹಪ್ಪಳ ಕರಿಯುವ ಸದ್ದೂ ಒಂದೇ. ಅವನು ಒಂದೊಂದನ್ನೂ ಮನಸ್ಸಿನಲ್ಲಿ ಗುರುತುಹಾಕಿಕೊಂಡ.

ಮಧ್ಯಂತರದ ನಂತರ ತಾಯಿ ಸಾಯುವ ದೃಶ್ಯ ಬಂತು. ಥಿಯೇಟರಿಗೆ ಥಿಯೇಟರೇ ಮೂಗೊರೆಸುತ್ತಿತ್ತು. ತಂಗಿಯನ್ನು ನಿನ್ನ ಕೈಗೆ ಒಪ್ಪಿಸುತ್ತಿದ್ದೇನೆ ಮಗನೇ ಎಂದು ತಾಯಿಯ ಧ್ವನಿ ನರಳಿತು. ಆದರೆ ಶೂಟಿಂಗ್ ದಿನ ಆ ತಾಯಿಯ ತುಟಿ ಆಡಿದ್ದು ಬೇರೆ. ಲೈಟು ಸುಡ್ತಿದೆ, ಬೇಗ ಮುಗಿಸಪ್ಪಾ ಎಂದು ಶುದ್ಧ ತಮಿಳಿನಲ್ಲಿ ಹೇಳಿದ್ದನ್ನು ತೇಜಶ್ರೀ ಕಣ್ಣಾರೆ ಓದಿದಳು. ಪಕ್ಕದಲ್ಲಿ ಕೂತು ಗೋಳಾಡುತ್ತಿದ್ದ ಬೊಂಬಾಯಿಯ ನಾಯಕಿಯ ತುಟಿ ಏಕ್, ದೋ, ತೀನ್ ಎಂದು ಎಣಿಸುತ್ತಿತ್ತು. ತಾಯಿ ಸತ್ತ ಮರುಗಳಿಗೆಯಲ್ಲೇ ಅದೇ ಗಂಟಲು ಸೊಸೆಯಾಗಿ ಅಯ್ಯೋ ಅತ್ತೇ ಎಂದು ಅತ್ತದ್ದು ಸುಗತನಿಗೆ ಕೇಳಿಸಿತು. ಇವಳು ನಕ್ಕಿದ್ದು ಒಂದಕ್ಕೆ, ಅವನು ನಕ್ಕಿದ್ದು ಇನ್ನೊಂದಕ್ಕೆ, ಆದರೆ ಇಬ್ಬರೂ ಒಟ್ಟಿಗೇ ಜೋರಾಗಿ ನಕ್ಕುಬಿಟ್ಟರು.

ಹಿಂದಿನಿಂದ ಒಬ್ಬ ಎದ್ದುನಿಂತ. ಹೆತ್ತ ತಾಯಿ ಸಾಯ್ತಿದ್ರೆ ನಗ್ತೀರಲ್ಲ, ನಿಮಗೆ ಅಕ್ಕ ತಂಗಿ ಇಲ್ವಾ ಎಂದು ತೋಳೇರಿಸಿದ. ಅತ್ತು ಅತ್ತು ಮೂಗು ಕೆಂಪಾಗಿದ್ದ ಯಶೋದಮ್ಮ ಇವರ ಪರವಾಗಿ ಎದ್ದರು. ಅವರು ಸುಮ್ಮನಿದ್ದಿದ್ದರೇ ಲೇಸಿತ್ತು.

"ಬಿಡಪ್ಪಾ, ಒಂದಕ್ಕೆ ಕಣ್ಣಿಲ್ಲ, ಒಂದಕ್ಕೆ ಕಿವಿಯಿಲ್ಲ. ಪಾಪ, ಸತ್ತಿದ್ದೂ ಗೊತ್ತಾಗಲ್ಲ ಅವಕ್ಕೆ."

ಸುಗತನ ಮೈಯೆಲ್ಲ ಉರಿಯಿತು. ಗೊತ್ತಾಗಿದ್ದಕ್ಕೇ ನಕ್ಕಿದ್ದು, ಗೊತ್ತಾಗದೆ ಅಳುತ್ತಿರುವವರು ನೀವು ಎಂದು ಪರದೆಗೆ ಬೆನ್ನು ಹಾಕಿ ಇಡೀ ಥಿಯೇಟರಿಗೆ ಕೇಳುವಂತೆ ಹೇಳಿದ. ಆಮೇಲೆ ಒಂದು ಸೋಡಾ ಬಾಟಲಿ ಉರುಳಿತು, ಚಕ್ಕುಲಿ ಡಬ್ಬಿ ಹಾರಿತು, ಪಿಳ್ಳಪ್ಪನವರ ಕೊಡೆ ಯಾರದೋ ಕೈ ಸೇರಿತು. ಒಳ್ಳೆಯ ಮನುಷ್ಯರಾದ ಮ್ಯಾನೇಜರ್ ಟಾರ್ಚು ಹಿಡಿದು ಬಂದು, ನಾಲ್ವರನ್ನೂ ಹೊರಗೆ ಕರೆತಂದು ಬಿಟ್ಟರು. ಕೊನೆಯ ಇಪ್ಪತ್ತು ನಿಮಿಷದ ಸಿನಿಮಾವನ್ನು ಸುಗತ ಪಕ್ಕದ ಬಾಗಿಲಿಗೆ ಕಿವಿ ಆನಿಸಿ ಕೇಳಿದ, ತೇಜಶ್ರೀ ಅದೇ ಬಾಗಿಲಿನ ಸಂದಿಯಲ್ಲಿ ನೋಡಿದಳು. ಮನೆಗೆ ಹೊರಟ ಪಿಳ್ಳಪ್ಪನವರು ಇಂಥ ದರಿದ್ರ ಪಿಕ್ಚರ್ ಈ ಜನ್ಮದಲ್ಲಿ ನೋಡಿಲ್ಲ ಎಂದು ಶಪಿಸುತ್ತಾ ಹೋದರು. ಯಶೋದಮ್ಮನೂ ಹೌದೆಂದರು.

ಬರೆಯಲು ಉಳಿದದ್ದು ಒಂದೂವರೆ ಗಂಟೆ. ಇಬ್ಬರೂ ಬಸ್‌ಸ್ಟಾಪಿನ ಕಲ್ಲುಬೆಂಚಿನ ಮೇಲೆ ಎದುರುಬದುರು ಕೂತರು. ಅವಳು ಅವನ ತುಟಿ ನೋಡಿ ಬರೆಯಬೇಕು, ಬರೆಯುವಾಗ ತಲೆ ತಗ್ಗಿಸಬೇಕು. ಅವಳು ಯಾವಾಗ ನೋಡುತ್ತಿದ್ದಾಳೆಂದು ಅವನಿಗೆ ತಿಳಿಯಬೇಕು. ಅದಕ್ಕೆ ಅವರದೊಂದು ಪದ್ಧತಿಯಿತ್ತು. ಮಂಡಿಗೆ ಒಂದು ಸಲ ತಟ್ಟಿದರೆ ಹೇಳು ಎಂದು, ಎರಡು ಸಲ ತಟ್ಟಿದರೆ ನಿಲ್ಲು ಎಂದು. ಬಸ್ಸಿಗೆ ಕಾದಿದ್ದವರು ಸುತ್ತ ನೆರೆದು, ಜಗಳವೇ, ಪ್ರೇಮವೇ ಎಂದು ಚರ್ಚೆ ಶುರುಮಾಡಿದರು. ಇವರು ಗಮನ ಕೊಡಲಿಲ್ಲ. ಒಂದು ಗಂಟಲಿನ ಮೂರು ಪಾತ್ರ, ಹಪ್ಪಳದ ಮಳೆ, ಎಣಿಸುತ್ತಾ ಅಳುವ ನಾಯಕಿ, ಲೈಟಿಗೆ ಬೈಯುತ್ತಾ ಸಾಯುವ ತಾಯಿ, ಎಲ್ಲ ಬಂತು. "ನೋಡುಗರು ಕಿವಿ ಕೊಡುವುದಿಲ್ಲ, ಕೇಳುಗರು ಕಣ್ಣು ಬಿಡುವುದಿಲ್ಲ ಎಂಬ ಧೈರ್ಯದ ಮೇಲೆ ತೆಗೆದ ಚಿತ್ರವಿದು" ಎಂಬ ಕೊನೆಯ ವಾಕ್ಯ ತೇಜಶ್ರೀಯದು. ಸುಗತ ಅದನ್ನು ಎರಡು ಸಲ ಓದಿಸಿಕೊಂಡ. ಇಷ್ಟು ಒಳ್ಳೆಯದನ್ನು ಅವರು ಹಿಂದೆಂದೂ ಬರೆದಿರಲಿಲ್ಲ, ಅದು ಇಬ್ಬರಿಗೂ ಗೊತ್ತಿತ್ತು.

ಐದಕ್ಕೆ ಎರಡು ನಿಮಿಷವಿರುವಾಗ ಇಂದಿರಾನಗರದ ಕಚೇರಿಯಲ್ಲಿದ್ದರು. ಫೋಟೋಗ್ರಾಫರ್ ಆಗಲೇ ಕ್ಯಾಮೆರಾ ಹಿಡಿದು ಕಾದಿದ್ದ. ಸಿದ್ಧಲಿಂಗೇಶ ಅವರು ಬರ್ರಿ, ಕೂಡ್ರಿ ಎಂದು ಹುಬ್ಬಳ್ಳಿಯ ಅಕ್ಕರೆಯಲ್ಲಿ ಕರೆದು, ಮತ್ತೆ ಬಾದಾಮಿ ಹಾಲಿಗೆ ಹೇಳಿದರು. ಸುಗತ ಹಾಳೆಗಳನ್ನು ಮುಂದೆ ಚಾಚಿದ. ಅವರು ಒಂದು ಪುಟ ಓದಿ ನಿಲ್ಲಿಸಿದರು.

"ನೀವು ಪಿಕ್ಚರಿಗೆ ಹೋಗಿದ್ರೇನು?"

"ಹೋಗ್ದೆ ಬರೆಯೋದು ಹೇಗೆ ಸಾರ್?" ಎಂದ ಸುಗತ.

"ನಿಮಗ ಯಾರು ಹೋಗಂದ್ರು?" ಸಂಪಾದಕರು ಹಣೆ ಹಿಡಿದುಕೊಂಡರು. "ನೀವು ಹೋಗಂಗಿಲ್ಲ ಅಂತನ ನಿಮ್ಮನ್ನ ಆರಿಸಿದ್ದು."

ಆಮೇಲೆ ಅವರು ನಿಧಾನವಾಗಿ, ಮಕ್ಕಳಿಗೆ ಹೇಳುವ ಹಾಗೆ ಬಿಡಿಸಿ ಹೇಳಿದರು. ಹಿಂದಿನ ಪತ್ರಗಳನ್ನು ಇವರು ಯಾರಿಂದಲೋ ಕೇಳಿ ಬರೆದದ್ದೆಂದೇ ಅವರು ಎಣಿಸಿದ್ದರು. ಹಿಂದಿನ ವಿಮರ್ಶಕನಿಗೆ ಸಿನಿಮಾ ನೋಡುವ ಕೆಟ್ಟ ಚಟವಿತ್ತು. ನೋಡಿದ್ದನ್ನು ಬರೆದ, ಮೂವರು ನಿರ್ಮಾಪಕರು ಜಾಹೀರಾತು ನಿಲ್ಲಿಸಿದರು. ಈಗ ಇವರಿಬ್ಬರ ಹೆಸರು ಹಾಕಿದರೆ ನಿರ್ಮಾಪಕರಿಗೂ ಸಂತೋಷ, ಓದುಗರಿಗೂ ಕಣ್ಣೀರು, ಬೈಯಲು ಯಾರಿಗೂ ಬಾಯಿ ಬರುವುದಿಲ್ಲ. ವಿಮರ್ಶೆಯನ್ನು ಕಚೇರಿಯಲ್ಲೇ ಬರೆದಾಗಿದೆ, ಪುಟ ಮುಂಜಾನೆಯೇ ಪ್ರೆಸ್ಸಿಗೆ ಹೋಗಿದೆ, ಇನ್ನು ಅದರಲ್ಲಿ ಖಾಲಿ ಬಿಟ್ಟ ಜಾಗಕ್ಕೆ ಒಂದು ಫೋಟೋ ಸೇರಿಸಿದರೆ ಮುಗಿಯಿತು.

ಇದನ್ನೆಲ್ಲ ಹೇಳುವಾಗ ಅವರು ತೇಜಶ್ರೀಯ ಕಡೆಗೆ ಬೆನ್ನು ತಿರುಗಿಸಿದ್ದರು. ಸುಗತ ಪ್ರತಿ ಮಾತನ್ನೂ ಅವಳಿಗೆ ತಿರುಗಿ ಹೇಳಿದ. ಅವಳು ಬಾದಾಮಿ ಹಾಲಿನ ಲೋಟವನ್ನು ಮೇಜಿನ ಮೇಲೆ ಕುಕ್ಕಿದಳು.

"ನಮ್ಮ ಹೆಸರು ತೆಗೀರಿ," ಎಂದಳು.

ಅದೊಂದನ್ನು ಮಾತ್ರ ಕೇಳಬೇಡಿ, ಪುಟ ಅಚ್ಚಿನಲ್ಲಿದೆ ಎಂದರು ಅವರು. ಇದು ಮೋಸ, ಕಳ್ಳತನ, ನಮ್ಮ ಕಣ್ಣು ಕಿವಿ ಇಲ್ಲದ್ದನ್ನು ಮಾರಿ ತಿನ್ನುವ ಕೆಲಸ ಎಂದು ಸುಗತ ಕೂಗಾಡಿದ. ತೇಜಶ್ರೀಯೂ ದನಿಗೂಡಿಸಿದಳು. ಕೂಗಾಡುವಾಗಲೇ ಫ್ಲ್ಯಾಶ್ ಮಿಂಚಿತು. ಅದು ಅವನಿಗೆ ಗೊತ್ತಾಗಲಿಲ್ಲ.

ಶನಿವಾರ ಬೆಳಗ್ಗೆ ಯಶೋದಮ್ಮ ಬೀದಿಯ ಮಧ್ಯೆ ನಿಂತು ಪತ್ರಿಕೆಯನ್ನು ಗಟ್ಟಿಯಾಗಿ ಓದಿದರು. ಪ್ರತಿ ದೃಶ್ಯವೂ ಕಣ್ಣಿಗೆ ಹಬ್ಬ. ಪ್ರತಿ ಹಾಡೂ ಕಿವಿಗೆ ಜೇನು. ತಾಯಿ ಸಾಯುವಾಗ ನಾವಿಬ್ಬರೂ ಬಿಕ್ಕಿ ಬಿಕ್ಕಿ ಅತ್ತೆವು. ಬರೆದವರು ಸುಗತ ಮತ್ತು ತೇಜಶ್ರೀ. ಬಾಯಿ ತೆರೆದು ಬೈಯುತ್ತಿರುವ ಇಬ್ಬರ ಫೋಟೋದ ಕೆಳಗೆ 'ಚಿತ್ರ ನೋಡಿದ ಆನಂದದಲ್ಲಿ' ಎಂದಿತ್ತು.

ಇದು ನಾವು ಬರೆದದ್ದಲ್ಲ ಎಂದು ಸುಗತ ಮನೆಮನೆಗೆ ಹೋಗಿ ಹೇಳಿದ. ಒಬ್ಬರೂ ನಂಬಲಿಲ್ಲ. ಇಷ್ಟು ದೊಡ್ಡ ಹೆಸರು ಬಂದರೂ ಜಂಬವಿಲ್ಲ ನೋಡಿ ಎಂದು ಅವನ ಬೆನ್ನು ತಟ್ಟಿದರು. ನಿನ್ನೆ ಸೀರೆಗಳನ್ನು ಅಷ್ಟು ಚೆನ್ನಾಗಿ ವರ್ಣಿಸಿದ್ದರಿಂದಲೇ ಹುಡುಗ ಕಣ್ಣಿಗೆ ಹಬ್ಬ ಎಂದು ಬರೆದದ್ದು ಎಂದು ಯಶೋದಮ್ಮ ಎಲ್ಲರಿಗೂ ಸಾರಿದರು. ಪಿಳ್ಳಪ್ಪನವರಂತೂ ಪತ್ರಿಕೆಯನ್ನು ಮಡಿಸಿ ಕಣ್ಣಿಗೊತ್ತಿಕೊಂಡರು.

"ಕಣ್ಣಿಲ್ದೋನಿಗೆ ಕಂಡಿದ್ದು ನಮಗೆ ಕಾಣಲಿಲ್ವಲ್ಲಪ್ಪಾ. ನಾವು ಸರಿಯಾಗಿ ನೋಡ್ಲಿಲ್ಲ. ಇನ್ನೊಂದ್ಸಲ ನೋಡ್ಬೇಕು," ಎಂದು ನಿಜವಾದ ಪಶ್ಚಾತ್ತಾಪದಲ್ಲಿ ಹೇಳಿದರು.

ಸಂಜೆಯ ಆಟಕ್ಕೆ ಬೀದಿಗೆ ಬೀದಿಯೇ ಹೊರಟಿತು. ಸುಗತ, ತೇಜಶ್ರೀ ಇಬ್ಬರೂ ಜಗಲಿಯಲ್ಲಿ ಕೂತು, ತಾವು ನಿಜವಾಗಿ ಬರೆದ ಹಾಳೆಗಳನ್ನು ಬೇರೆ ಯಾವ ಪತ್ರಿಕೆಗೆ ಕಳಿಸುವುದೆಂದು ಯೋಚಿಸುತ್ತಿದ್ದರು. ಅಷ್ಟರಲ್ಲಿ ಯಶೋದಮ್ಮ, ಹೊರಡುವ ಗಡಿಬಿಡಿಯಲ್ಲೂ, ಮನೆಯ ಫೋನು ಕೆಳಗಿಟ್ಟು ಓಡಿಬಂದರು. ಮಗಳಿಗೆ ಕಾಣುವಂತೆ ಎದುರಿಗೆ ನಿಂತು, ಒಂದೊಂದೇ ಮಾತು ಬಿಡಿಸಿ ಹೇಳಿದರು.

"ನಿಮ್ಮ ಎಡಿಟರು ಫೋನ್ ಮಾಡಿದ್ರು. ದೀಪಾವಳಿಗೆ ಬರೋ ಪಿಕ್ಚರಿಗೆ ನೀವಿಬ್ರೂ ಬರ್ದಿರೋದು ಇದಕ್ಕಿಂತ ಚೆನ್ನಾಗಿದೆಯಂತೆ. ಓದಿ ಅವ್ರಿಗೆ ಅಳು ಬಂತಂತೆ."

"ಯಾವ ಪಿಕ್ಚರಮ್ಮ?" ಎಂದಳು ತೇಜಶ್ರೀ.

"ಅದಕ್ಕಿನ್ನೂ ಹೆಸರಿಟ್ಟಿಲ್ವಂತೆ ಕಣೇ. ಶೂಟಿಂಗು ಬರೋ ತಿಂಗಳು ಶುರುವಂತೆ."