ಯಾವುದಕ್ಕೂ ಬಗ್ಗದ 9973

ಲೆಕ್ಕದ ಮೇಷ್ಟರಾದವನು ನಗುವುದಕ್ಕೆ ಬೇರೆಲ್ಲೂ ಹೋಗಬೇಕಾಗಿಲ್ಲ. ನನಗಂತೂ ಮನೆ ಮುಂದೆ ನಿಂತ ಸ್ಕೂಟರೇ ಸಾಕು. ಅದರ ನಂಬರು 9973. ಒಂದನ್ನೂ ತನ್ನನ್ನೂ ಬಿಟ್ಟರೆ ಯಾವುದರಿಂದಲೂ ಶೇಷವಿಲ್ಲದೆ ಭಾಗವಾಗದ ಅವಿಭಾಜ್ಯ ಸಂಖ್ಯೆ. ನಾಲ್ಕಂಕಿಯಲ್ಲಿ ಇದಕ್ಕಿಂತ ದೊಡ್ಡ ಅವಿಭಾಜ್ಯ ಇಲ್ಲ. ಕೇಳದೆ ಸಿಕ್ಕ ಭಾಗ್ಯ. ಆದರೆ ನಮ್ಮ ಕಡೆ ಗಾಡಿ ನಂಬರಿನ ಅಂಕಿಗಳನ್ನು ಎಲ್ಲರೂ ಅದೃಷ್ಟಕ್ಕೆ ಕೂಡಿಸಿ ನೋಡುತ್ತಾರೆ, ಭಾಗಿಸುವವನು ನಾನೊಬ್ಬನೇ.

ನಿಂಬೆಹಣ್ಣು

ಹೊಸ ಗಾಡಿಯನ್ನು ಪೂಜೆಗೆ ಒಯ್ದಿದ್ದೆ. ಚಕ್ರದಡಿ ನಿಂಬೆಹಣ್ಣಿಡುತ್ತಾ ಪೂಜಾರಪ್ಪ ಕೇಳಿದರು, "ನಂಬರ್ ಕೂಡಿದ್ರೆ ಎಷ್ಟು ಬತ್ತದೆ?"

"ಕೂಡಬೇಡಿ ಸ್ವಾಮಿ, ಭಾಗಿಸಿ. ಎರಡು, ಮೂರು, ಏಳು, ಹನ್ನೊಂದು, ಯಾವುದಕ್ಕೂ ಬಗ್ಗಲ್ಲ."

ಅವರು ನಂಬರ್ ಪ್ಲೇಟನ್ನೇ ದಿಟ್ಟಿಸಿದರು. "ಅಷ್ಟು ಮೊಂಡಾ?" ಎಂದು ಇನ್ನೆರಡು ನಿಂಬೆಹಣ್ಣು ಇಟ್ಟರು.

ಶೇಷ ಐದು

ತಳಿ ಎಂಬ ಊರಿನ ಹತ್ತಿರ ನಾನು ಪಾಠ ಮಾಡುವ ಕನ್ನಡ ಶಾಲೆಯಲ್ಲಿ ಒಂದು ದಿನ ಆ ನಂಬರನ್ನೇ ಬೋರ್ಡಿನ ಮೇಲೆ ಬರೆದು, ಯಾವುದರಿಂದ ಭಾಗವಾಗುತ್ತದೆ ನೋಡಿ ಎಂದೆ. ಮುಂದಿನ ಸಾಲಿನ ಹುಡುಗಿ ಎದ್ದಳು.

"ಏಳ್ರಲ್ಲಿ ಹೋಯ್ತದೆ ಸಾರ್."

"ಶೇಷ ಎಷ್ಟಮ್ಮ?"

"ಐದು."

"ಐದು ಉಳಿದ್ರೆ ಹೋದಂಗಾ?"

"ಐದೇ ಅಲ್ವಾ ಸಾರ್? ನಮ್ಮೂರ ಬಸ್ಸಲ್ಲಿ ಅಷ್ಟು ಜನ ನಿಂತ್ಕೊಂಡೇ ಬತ್ತಾರೆ."

ಗಿರಾಕಿ

ಸ್ಕೂಟರಿಗೆ ವಯಸ್ಸಾಯಿತು. ನನ್ನ ಹೆಂಡತಿಯ ತವರು ತಳಿ ಕಡೆ. ದಾರಿಯಲ್ಲಿ ಏರು ಬಂದಾಗಲೆಲ್ಲ ಅವಳು ಇಳಿದು ನಡೆಯಬೇಕು. "ನಿಮ್ ನಂಬರ್ ಬಗ್ಗಲ್ಲ, ನಿಮ್ ಗಾಡಿ ಹತ್ತಲ್ಲ. ಮಾರಿಬಿಡಿ" ಎಂದು ಹಟ ಹಿಡಿದು ಗಿರಾಕಿಯನ್ನೂ ಅವಳೇ ಹುಡುಕಿದಳು. ನಾವಿರುವ ಅವಲಪಲ್ಲಿಯಲ್ಲೇ ಪಕ್ಕದ ಬೀದಿಯವನು, ಫ್ಯಾಕ್ಟರಿ ಕೆಲಸಗಾರ. ಅವನು ಬಂದ ದಿನ ನಾನು ಬಟ್ಟೆ ಹಿಡಿದು ನಂಬರ್ ಪ್ಲೇಟನ್ನೇ ಒರೆಸುತ್ತಾ ಕೂತೆ. ಗಾಡಿ ಹೋದರೆ ಹೋಗಲಿ, ಅಂಥ ನಂಬರು ಇನ್ನೊಂದು ಜನ್ಮಕ್ಕೂ ಸಿಗುವುದಿಲ್ಲ.

ಅವನು ಇಂಜಿನ್ ನೋಡಲಿಲ್ಲ, ನಂಬರ್ ನೋಡಿದ. "ಕೂಡಿದ್ರೆ ಕೊನೆಗೆ ಒಂದು ಬತ್ತದೆ ಅಕ್ಕಾ. ಸೂರ್ಯನ ನಂಬರು. ತಗೊಂತೀನಿ."

ಹೆಂಡತಿಯ ಮುಖ ಯಾಕೋ ಬದಲಾಯಿತು. "ಕೂಡೋದು ಯಾರಿಗಾದ್ರೂ ಬತ್ತದೆ. ಭಾಗಿಸಿ ನೋಡಿದ್ಯಾ?"

ಅವನು ಫೋನ್ ತೆಗೆದು ಎರಡರಿಂದ ಭಾಗಿಸಿದ. "ಬಂತಲ್ಲಕ್ಕ, ನಾಲ್ಕು ಸಾವಿರದ ಒಂಬೈನೂರ ಎಂಬತ್ತಾರೂವರೆ."

"ಅರ್ಧ ಬಂದ್ರೆ ಆಯ್ತಾ? ಶೇಷ ಉಳೀಬಾರ್ದಪ್ಪ. ಮೂರ್ರಲ್ಲಿ ನೋಡು. ಏಳ್ರಲ್ಲಿ ನೋಡು."

ಹದಿಮೂರಕ್ಕೆ ಬರುವಷ್ಟರಲ್ಲಿ ಅವನು ಫೋನನ್ನು ಜೇಬಿಗಿಟ್ಟ. "ಏನಾದ್ರೂ ಉಳ್ಕಳ್ಲಿ ಬುಡಕ್ಕ, ನಂಗೆ ಗಾಡಿ ಓಡಿದ್ರೆ ಸಾಕು."

"ಹಂಗಾದ್ರೆ ಕೊಡಲ್ಲ, ಹೋಗಪ್ಪ" ಎಂದು ಅವಳು ಬೀಗದ ಕೈ ಸೆರಗಿಗೆ ಗಂಟು ಹಾಕಿಕೊಂಡಳು.

ನನಗೆ ಕಣ್ಣು ತುಂಬಿ ಬಂತು. ಇಷ್ಟು ವರ್ಷ ಬೈಯುತ್ತಲೇ ಇದ್ದವಳು ನನ್ನ ಭಾಗಾಕಾರದ ಮಾತನ್ನೆಲ್ಲ ಕೇಳಿಸಿಕೊಂಡಿದ್ದಳು. "ಹಂಗಾದ್ರೆ ಗಾಡಿ ನಮ್ಮಲ್ಲೇ ಇರ್ತದಾ?" ಎಂದೆ.

"ಇರ್ಲಿ ಬಿಡ್ರಿ. ಅಂಥ ನಂಬರ್‌ನ ಅವನ ಕೈಗೆ ಕೊಡೋದಾ?" ಎಂದಳು. "ಆದ್ರೆ ತವರಿಗೆ ಮಾತ್ರ ನಾನು ಬಸ್ಸಲ್ಲೇ ಹೋಗ್ತೀನಿ."