ಬೀಗಿತ್ತಿ ಬರುವ ಮೊದಲು ತಾರಸಿಯ ಪರೀಕ್ಷೆ

ಶನಿವಾರ ಬೆಳಿಗ್ಗೆ ಎಂಟು ಗಂಟೆ. ದಟ್ಟ ಮೋಡ, ಪಶ್ಚಿಮದ ಗಾಳಿ. ಇಂಗ್ಲೆಂಡಿನ ಸಟನ್ ಕೋಲ್ಡ್‌ಫೀಲ್ಡ್‌ನಲ್ಲಿ ಮಗಳ ಮನೆಯ ಹಿತ್ತಿಲು. ಹಾಜರಿದ್ದವರು: ನಾನು, ಮಗಳು, ಅಳಿಯಂದಿರು. ಎಲ್ಲವನ್ನೂ ಕ್ರಮವಾಗಿ ಮಾಡುವವರ ಮನೆಯಲ್ಲೇ ಇಂಥ ಅವಘಡಗಳು ಮತ್ತೆ ಮತ್ತೆ ನಡೆಯುತ್ತವೆ; ಏಕೆಂದು ನನಗೆ ಇನ್ನೂ ತಿಳಿದಿಲ್ಲ.

೧. ಕಲೆ

ಸೋಮವಾರ ಅಳಿಯಂದಿರ ತಾಯಿ ಬರುವವರಿದ್ದರು. ಅವರಿಗೆಂದು ಇಟ್ಟ ಹಿಂದಿನ ಕೋಣೆಗೆ, ಸುತ್ತ ಗಿಡ್ಡ ಗೋಡೆಯಿದ್ದ ಸಪಾಟು ತಾರಸಿ. ಒಳಗೆ, ದಿಂಬಿನ ನೇರಕ್ಕೆ ಮೇಲೆ ಸೂರಿನಲ್ಲಿ ದೋಸೆಯಗಲದ ತೇವದ ಕಲೆ. ವಾರದೊಳಗೆ ಬಿರುಗಾಳಿ ಎಂದು ರೇಡಿಯೊ ಹೇಳಿತ್ತು. ಮದುವೆಯಲ್ಲಿ ಹೋಳಿಗೆಗೆ ತುಪ್ಪ ಸಾಲಲಿಲ್ಲವೆಂಬುದನ್ನು ಹನ್ನೊಂದು ವರ್ಷ ನೆನಪಿಟ್ಟಿದ್ದವರು ಅವರು. ಒಂದು ಹನಿ ಬಿದ್ದರೆ ಮಗಳು ಜೀವನವಿಡೀ ಕೇಳಿಸಿಕೊಳ್ಳಬೇಕಿತ್ತು.

"ಅಮ್ಮ, ರಿಪೇರಿಯವನು ನಿನ್ನೆ ತಾನೇ ತೇಪೆ ಹಾಕಿದ್ದಾನಲ್ಲ?"

"ಪರೀಕ್ಷಿಸಿದವರು ಯಾರು?"

ಅವಳು ಜಿಪಿ, ಅಂದರೆ ಬಡಾವಣೆಯ ಡಾಕ್ಟರು; ದಿನಕ್ಕೆ ಮೂವತ್ತು ರೋಗಿಗಳನ್ನು ಸುಮ್ಮನಾಗಿಸುತ್ತಾಳೆ. ಅಂದು ನನ್ನನ್ನು ಸುಮ್ಮನಾಗಿಸಲಾಗದೆ ಪೊರಕೆ ಹುಡುಕಲು ಹೋದಳು.

೨. ಎಣಿಕೆ

ಮರುಭೂಮಿಯ ಆಸ್ಪತ್ರೆಯೊಂದರಲ್ಲಿ ನಾನು ಇಪ್ಪತ್ತೆರಡು ವರ್ಷ ಮೇಟ್ರನ್ ಆಗಿದ್ದೆ. ಅಲ್ಲಿ ಮಳೆ ಅಪರೂಪ. ಬಂದರೆ ವಾರ್ಡೇ ತೇಲುತ್ತಿತ್ತು. ಆದ್ದರಿಂದ ಬಿರುಗಾಳಿಯ ಕಾಲಕ್ಕೆ ಮೊದಲು ತಾರಸಿಯ ಮರಳು ಗುಡಿಸಿ, ನೀರು ಹೋಗುವ ಬಾಯಿ ಮುಚ್ಚಿ, ನಾಲ್ಕು ಬೆರಳು ನೀರು ನಿಲ್ಲಿಸಿ, ಒಂದು ದಿನ ಕಾಯುತ್ತಿದ್ದೆವು. ಅದೇ ಕ್ರಮವನ್ನು ಇಲ್ಲಿಯೂ ವಿಧಿಸಿದೆ.

ರಿಪೇರಿಯವನು ಬಿಟ್ಟುಹೋಗಿದ್ದ ಏಣಿಯನ್ನು ಅಳಿಯಂದಿರು ಹತ್ತಿದರು. ಎರಡು ಸಾವಿರನೇ ಇಸವಿ ಬಂದೊಡನೆ ಕಂಪ್ಯೂಟರುಗಳು ಕೆಡಬಾರದೆಂದು ಆಫೀಸಿನಲ್ಲಿ ವರ್ಷವಿಡೀ ಪರೀಕ್ಷೆ ನಡೆಸಿ ದಣಿದಿದ್ದವರು.

"ಅತ್ತೆ, ಪಾಚಿ ಎರಡು ಬಕೆಟ್, ಟೆನಿಸ್ ಚೆಂಡು ಮೂರು. ಬರೆದು ಸಹಿ ಹಾಕಿ ಕೊಡಲೇ?"

"ದಿನಾಂಕವನ್ನೂ ಹಾಕಿ."

ಅದು ತಮಾಷೆಯೆಂದು ಮಗಳು ಆಮೇಲೆ ಹೇಳಿದಳು. ಅಷ್ಟರಲ್ಲಿ ಅವರು ಸಹಿ ಹಾಕಿದ್ದರು.

೩. ನಾಲ್ಕು ಬೆರಳು

ಭಾನುವಾರ ಬೆಳಿಗ್ಗೆ. ತಾರಸಿಯ ಮೇಲೆ ನಾಲ್ಕು ಬೆರಳು ನೀರು ನಿಂತು ಇಪ್ಪತ್ತೆರಡು ಗಂಟೆ. ಒಂದು ಹನಿಯೂ ಇಳಿದಿಲ್ಲ. ಕರೆಗಂಟೆ ಸದ್ದು ಮಾಡಿತು. ಬಾಗಿಲಲ್ಲಿ ಬೀಗಿತ್ತಿ! ಲೆಸ್ಟರ್‌ನಲ್ಲಿರುವ ಅವರ ತಮ್ಮ ಒಂದು ದಿನ ಮೊದಲೇ ಕರೆತಂದು ಬಿಟ್ಟುಹೋಗಿದ್ದರು. ಬೀಗಿತ್ತಿ ನೆಟ್ಟಗೆ ಹೋಗಿ ಕಲೆಯ ಕೆಳಗೇ ಕುಳಿತರು.

"ಇದೇನು ಬೀಗಿತ್ತಿಯವರೇ, ಎಲ್ಲರೂ ಮೇಲೇ ನೋಡುತ್ತಿದ್ದೀರಿ?"

"ಬಣ್ಣ ಹೊಡೆಸಬೇಕು," ಎಂದೆ. ನನ್ನ ಜೀವನದ ಎರಡನೆಯ ಸುಳ್ಳು.

ಅಷ್ಟರಲ್ಲಿ ಏಣಿ ಒಯ್ಯಲು ಬಂದ ರಿಪೇರಿಯವನು, ತೇಪೆ ನೋಡೋಣವೆಂದು ಹತ್ತಿದ. ಹತ್ತಿದ್ದಕ್ಕಿಂತ ಬೇಗ ಇಳಿದು ಒಳಗೆ ನುಗ್ಗಿದ.

"ಎಲ್ಲರೂ ಹೊರಗೆ! ಮೇಡಂ, ಇದು ಕಾಂಕ್ರೀಟಲ್ಲ, ಮರದ ತೊಲೆ, ಹಲಗೆ! ಇಷ್ಟು ನೀರೆಂದರೆ ತಲೆಯ ಮೇಲೆ ಕಾರು ನಿಲ್ಲಿಸಿದ ಹಾಗೆ!"

ತೊಲೆ ಕಿರ್ ಎಂದಿತು. ನಾಲ್ವರೂ ಹಿತ್ತಿಲಿಗೆ ಓಡಿದೆವು. ಹೊರಗೆ ಜೋರು ಮಳೆ, ಕೊಡೆಗಳೆಲ್ಲ ಒಳಗೆ. ಅಳಿಯಂದಿರು ಏಣಿಯ ಮೇಲಿಂದಲೇ ಕೈಚಾಚಿ ಮುಚ್ಚಿದ್ದ ಬಾಯಿ ಬಿಡಿಸಿದರು. ನೀರು ಇಳಿಯಲು ಅರ್ಧ ಗಂಟೆ. ಅಷ್ಟು ಹೊತ್ತೂ ಬೀಗಿತ್ತಿ ರೇಷ್ಮೆ ಸೀರೆಯಲ್ಲಿ ನೆನೆಯುತ್ತ ನಿಂತರು.

ರಿಪೇರಿಯವನು ಒಳಗೆ ಹೋಗಿ ಬಂದು, ಕೋಣೆಯಲ್ಲಿ ಒಂದು ಹನಿಯೂ ಬಿದ್ದಿಲ್ಲವೆಂದ.

ಬೀಗಿತ್ತಿ ಸೆರಗು ಹಿಂಡಿದರು. ಎಲ್ಲರಿಗೂ ಕೇಳುವಂತೆ ಹೇಳಿದರು:

"ತಾರಸಿಯ ಮೇಲೆ ನನ್ನ ದೂರೇನಿಲ್ಲ, ಬೀಗಿತ್ತಿಯವರೇ. ನಾನು ನೆನೆದದ್ದು ನಿಮ್ಮ ಮುನ್ನೆಚ್ಚರಿಕೆಯಿಂದ."